ಸಚಿವರು ಸಹೋದ್ಯೋಗಿಗಳನ್ನು ಕೇಳಿದ್ದರೇ? ಕಡತದಲ್ಲಿ ಹುಡುಕುವ ಬಗೆ

ವಿವಾದ ಎದ್ದ ಮೇಲೆ ‘ಎಲ್ಲರ ಜೊತೆ ಚರ್ಚಿಸಿಯೇ ತೀರ್ಮಾನಿಸಿದ್ದೇವೆ’ ಎನ್ನದ ಸಚಿವರಿಲ್ಲ. ಮಾತನ್ನು ಬಿಡಿ, ತಾರೀಖು ನೋಡಿ.

ಮೊದಲು ಸರ್ಕಾರಿ ಆದೇಶದ ಪೂರ್ತಿ ಪ್ರತಿ ಇಟ್ಟುಕೊಳ್ಳಿ. ಮೇಲ್ಭಾಗದಲ್ಲಿ ‘ಓದಲಾಗಿದೆ’ ಎಂಬಲ್ಲಿ ಹಿಂದಿನ ಪತ್ರ, ಪ್ರಸ್ತಾವನೆಗಳ ಪಟ್ಟಿ ಇರುತ್ತದೆ. ‘ರಾಜ್ಯಪಾಲರ ಆದೇಶಾನುಸಾರ’ ಎಂಬ ಸಾಲಿಗೆ ಸ್ವಲ್ಪ ಮೇಲೆ, ಹಣದ ವಿಷಯವಿದ್ದರೆ, ಆರ್ಥಿಕ ಇಲಾಖೆ ಸಹಮತಿ ಕೊಟ್ಟ ಟಿಪ್ಪಣಿಯ ಸಂಖ್ಯೆ, ದಿನಾಂಕ ಸಿಗುತ್ತವೆ. ಸಂಪುಟಕ್ಕೆ ಹೋಗಿದ್ದರೆ ಪ್ರಕರಣದ ಸಂಖ್ಯೆಯೂ ಅಲ್ಲೇ ಇರುವುದುಂಟು. ಎರಡೂ ಇಲ್ಲವೆಂದರೆ ತಪ್ಪು ನಡೆದಿದೆ ಎಂದಲ್ಲ. ಎಲ್ಲ ವಿಷಯವೂ ಸಂಪುಟಕ್ಕೆ ಹೋಗಬೇಕಿಲ್ಲ. ಯಾವುದು ಹೋಗಲೇಬೇಕು ಎಂಬುದು 1977ರ ಕರ್ನಾಟಕ ಸರ್ಕಾರದ ವ್ಯವಹಾರ ನಿರ್ವಹಣೆ ನಿಯಮಗಳ ಮೊದಲ ಅನುಸೂಚಿಯಲ್ಲಿದೆ. ಅದನ್ನು ಓದದೆ ಆರೋಪ ಮಾಡಬೇಡಿ.

ಆಮೇಲೆ ಆದೇಶ ಹೊರಡಿಸಿದ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ‘ಸಚಿವರು ಯಾರನ್ನೂ ಏಕೆ ಕೇಳಲಿಲ್ಲ?’ ಎಂದು ಬರೆದರೆ ಅರ್ಜಿ ಅಲ್ಲೇ ಬಿತ್ತು, ಏಕೆಂದರೆ ವಿವರಣೆ ಬರೆದುಕೊಡುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ. ಹೀಗೆ ಬರೆಯಿರಿ: ‘ಆದೇಶ ಸಂಖ್ಯೆ ಇಂಥದ್ದು, ದಿನಾಂಕ ಇಂಥದ್ದು. ಇದಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು, ಆರ್ಥಿಕ ಮತ್ತು ಕಾನೂನು ಇಲಾಖೆಗಳ ಅಭಿಪ್ರಾಯ, ಸಂಪುಟ ಟಿಪ್ಪಣಿ ಹಾಗೂ ನಿರ್ಣಯದ ದೃಢೀಕೃತ ಪ್ರತಿ ಕೊಡಿ.’

ಹೆಚ್ಚಿನವರು ಸೋಲುವುದು ಮುಂದಿನ ಹಂತದಲ್ಲಿ. ‘ಸಂಪುಟದ ಕಾಗದ, ಕೊಡಲಾಗದು’ ಎಂದು ಆ ಕಾಯ್ದೆಯ ಕಲಂ 8(1)(ಐ) ತೋರಿಸಿ ಹಿಂಬರಹ ಬರುತ್ತದೆ. ಅದೇ ಕಲಮಿನ ಪರಂತುಕ, ಅಂದರೆ ‘ಆದರೆ’ ಎಂದು ವಿನಾಯಿತಿ ಹೇಳುವ ಭಾಗ, ಓದಿ: ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ತೀರ್ಮಾನ, ಅದರ ಕಾರಣ, ಅದಕ್ಕೆ ಆಧಾರವಾದ ಸಾಮಗ್ರಿ ಬಹಿರಂಗವಾಗಬೇಕು. ಆದ್ದರಿಂದ ಆದೇಶ ಹೊರಬೀಳುವ ಮೊದಲೇ ಅರ್ಜಿ ಹಾಕಬೇಡಿ. ಸಾಮಗ್ರಿ ಕೇಳಿ, ಯಾವ ಸಚಿವರು ಏನೆಂದರು ಎಂದು ಕೇಳಬೇಡಿ. ರಾಷ್ಟ್ರಪತಿ ಆಳ್ವಿಕೆ ಹೇರಿದ್ದನ್ನು ಪ್ರಶ್ನಿಸಿ ನಮ್ಮ ರಾಜ್ಯದಿಂದಲೇ ಹೋದ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಎಳೆದ ಗೆರೆಯೂ ಇದೇ: ಮಂತ್ರಿಮಂಡಲದ ಸಲಹೆಯನ್ನು ಕೋರ್ಟು ಕೆದಕುವಂತಿಲ್ಲ, ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಬಹುದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಪ್ರತಿ ಕೈಗೆ ಬಂದಾಗ ಮೂರು ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ: ಇತರ ಇಲಾಖೆಗಳ ಅಭಿಪ್ರಾಯ, ಸಂಪುಟದ ನಿರ್ಣಯ, ಆದೇಶ. ಆದೇಶ ಮೊದಲು, ನಿರ್ಣಯ ಆಮೇಲೆ ಎಂದಿದ್ದರೆ ಅದು ‘ಘಟನೋತ್ತರ ಅನುಮೋದನೆ’. ಕೇಳಿದ್ದಲ್ಲ, ತಿಳಿಸಿದ್ದು. 1975ರ ತುರ್ತು ಪರಿಸ್ಥಿತಿ ಘೋಷಣೆಗೆ ರಾಷ್ಟ್ರಪತಿಗಳು ಜೂನ್ 25ರ ರಾತ್ರಿ ಸಹಿ ಹಾಕಿದರು; ಕೇಂದ್ರ ಸಂಪುಟ ಸೇರಿದ್ದು ಮರುದಿನ ಬೆಳಗ್ಗೆ. ಆ ಗಾಯದಿಂದಲೇ ಸಂವಿಧಾನದ 44ನೇ ತಿದ್ದುಪಡಿಯಲ್ಲಿ, ಸಂಪುಟದ ತೀರ್ಮಾನ ಲಿಖಿತವಾಗಿ ಬಂದ ಮೇಲೆಯೇ ಅಂಥ ಘೋಷಣೆ ಎಂಬ ಷರತ್ತು ಸೇರಿತು.

ಇತರ ಇಲಾಖೆಯ ಅಭಿಪ್ರಾಯ ಮತ್ತು ಸಂಪುಟ ಸಭೆ ಎರಡಕ್ಕೂ ಒಂದೇ ದಿನದ ತಾರೀಖು ಇದ್ದರೆ ಟಿಪ್ಪಣಿ ಹಾಳೆಯನ್ನು ಇನ್ನೊಮ್ಮೆ ಓದಿ. ‘ಸಹಮತಿಸಿದೆ’ ಎಂಬ ಒಂದೇ ಪದವಿದೆಯೋ, ಆಕ್ಷೇಪವೂ ಅದಕ್ಕೆ ಉತ್ತರವೂ ಇವೆಯೋ ನೋಡಿ.