ಕೆಟ್ಟ ಫೋಟೊ ಅಳಿಸುವ ಮುನ್ನ

ಕ್ಯಾಮೆರಾದ ಪುಟ್ಟ ಪರದೆ ನೋಡಿ ಅಲ್ಲೇ ಫೋಟೊ ಅಳಿಸುವ ಪದ್ಧತಿ ನನ್ನಲ್ಲಿಲ್ಲ. ಕೆಟ್ಟವೂ ಸೇರಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಶೇ 100ಕ್ಕೆ ಹಿಗ್ಗಿಸಿ, ಪಕ್ಕದಲ್ಲಿ ಶಟರ್ ಸ್ಪೀಡ್ (ಶಟರ್ ತೆರೆದಿರುವ ಸಮಯ), ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ವಿವರ ತೆರೆದಿಟ್ಟುಕೊಂಡು ನೋಡುತ್ತೇನೆ. ಕೈ ಪಳಗಲು ಹೊಸ ಲೆನ್ಸಿಗಿಂತ ಈ ಕೆಲಸ ಹೆಚ್ಚು ನೆರವಾಗುತ್ತದೆ.

ಮೊದಲು ಮಸುಕು ಯಾವ ಬಗೆಯದೆಂದು ಗುರುತಿಸಬೇಕು. ಚೌಕಟ್ಟಿನಲ್ಲಿರುವುದೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ. ಗೋಡೆ, ಕಂಬ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಆತ. ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗಿದ್ದರೆ ಫೋಕಸ್ ಹಿಂದೆ ಬಿದ್ದಿದೆ.

ಕೈನಡುಕ ತಪ್ಪಿಸುವ ಶಟರ್ ಸ್ಪೀಡಿಗೆ ಹಳೆಯ ಫಿಲ್ಮ್ ಕಾಲದ ಲೆಕ್ಕವೊಂದಿದೆ: ಫೋಕಲ್ ಲೆಂಗ್ತ್ (ದೂರದ್ದನ್ನು ಎಷ್ಟು ಹತ್ತಿರಕ್ಕೆ ಎಳೆಯುತ್ತದೆಂಬ ಅಳತೆ) 50 ಎಂಎಂ ಇರುವ ಲೆನ್ಸಿಗೆ ಕನಿಷ್ಠ 1/50 ಸೆಕೆಂಡ್, 200 ಎಂಎಂಗೆ 1/200. ಸೆನ್ಸರ್ ಚಿಕ್ಕದಿದ್ದು ಕ್ರಾಪ್ (ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿಗಿಂತ ಎಷ್ಟು ಪಟ್ಟು ಚಿಕ್ಕದೆಂಬ ಅಂಕಿ) 1.5 ಆಗಿದ್ದರೆ 50 ಎಂಎಂಗೂ 1/80 ಬೇಕು. ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ ಸಣ್ಣ ಅಲುಗಾಟವೂ ಎದ್ದು ಕಾಣುವುದರಿಂದ ನಾನು ಇದರ ದುಪ್ಪಟ್ಟು ವೇಗ ಇಡುತ್ತೇನೆ. ಸ್ಟೆಬಿಲೈಸೇಷನ್ (ಕ್ಯಾಮೆರಾ ಅಥವಾ ಲೆನ್ಸಿನ ನಡುಕ ತಡೆಯುವ ವ್ಯವಸ್ಥೆ) ನಂಬಿ 1/15ಕ್ಕೆ ಇಳಿದರೆ ಗೋಡೆ ಚೆನ್ನಾಗಿ ಬರುತ್ತದೆ, ಮಗು ಬರುವುದಿಲ್ಲ. ಸ್ಟೆಬಿಲೈಸೇಷನ್ ತಡೆಯುವುದು ಕೈಯ ಅಲುಗಾಟವನ್ನಷ್ಟೇ. ನಡೆಯುವವರಿಗೆ 1/250, ಓಡುವ ಮಕ್ಕಳಿಗೆ 1/1000, ಹಾರುವ ಹಕ್ಕಿಗೆ 1/2000 ಇಟ್ಟುಕೊಂಡು ಐಎಸ್‌ಒ ಆಟೊ ಮೇಲೆ ಬಿಡುತ್ತೇನೆ. ಐಎಸ್‌ಒ 3200ರ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ತಗ್ಗಿಸಲು ಸಾಫ್ಟ್‌ವೇರ್ ಇದೆ. ಕಲಸಿಹೋದ ಮುಖಕ್ಕೆ ಮದ್ದಿಲ್ಲ.

ಫೋಕಸ್ ವಿಷಯದಲ್ಲಿ ಅಂಕಿ ನೋಡಿದರೇ ಎಚ್ಚರವಾಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, ಅಪರ್ಚರ್ ಎಫ್ 1.8, ಒಂದು ಮೀಟರ್ ದೂರ: ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂ.ಮೀ. ಮಾತ್ರ. ನಡುವಿನ ಫೋಕಸ್ ಪಾಯಿಂಟಿನಿಂದ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಸರಿಪಡಿಸುವಷ್ಟರಲ್ಲಿ ಫೋಕಸ್ ತಪ್ಪಿಹೋಗಬಹುದು. ಆದ್ದರಿಂದ ಚೌಕಟ್ಟು ಮೊದಲು. ಬಳಿಕ ಫೋಕಸ್ ಪಾಯಿಂಟನ್ನೇ ಹತ್ತಿರದ ಕಣ್ಣಿನ ಮೇಲೆ ಸರಿಸಬೇಕು. ಕಿಂಡಿ ಕಿರಿದಾಗುವ ಎಫ್ 4ಕ್ಕೆ ಹೋದರೆ ಆಳ 9 ಸೆಂ.ಮೀ. ದಾಟುತ್ತದೆ, ಹಿನ್ನೆಲೆಯೂ ಸಾಕಷ್ಟು ಕರಗುತ್ತದೆ. ಎಫ್ 1.8ರ ಮೋಹ ಸ್ವಲ್ಪ ಅತಿಯಾಯಿತೆಂದೇ ನನ್ನ ಅನಿಸಿಕೆ.

ಬೆಳಕಿನ ತಪ್ಪಿಗೆ ಕಾರಣ ಸಾಮಾನ್ಯವಾಗಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರು. ಅದು ಕಂಡದ್ದನ್ನೆಲ್ಲ ನಡು ಬೂದು ಮಾಡಲು ನೋಡುತ್ತದೆ. ಬಿಳಿ ಗೋಡೆಯೇ ತುಂಬಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1, ಕಪ್ಪು ತುಂಬಿದ್ದರೆ −1ರಿಂದ ಶುರುಮಾಡಿ ಹಿಸ್ಟೊಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆಯೆಂದು ತೋರುವ ನಕ್ಷೆ) ನೋಡುತ್ತೇನೆ. ಬಲ ಅಂಚಿಗೆ ರಾಶಿ ಬಿದ್ದಿದ್ದರೆ ಬಿಳಿ ಭಾಗದ ವಿವರ ಸುಟ್ಟುಹೋಗಿದೆ ಎಂದರ್ಥ. ಕ್ಯಾಮೆರಾ ಸಂಸ್ಕರಿಸದೆ ಉಳಿಸಿಡುವ ರಾ ಫೈಲಿನಲ್ಲೂ ಅದು ಪೂರ್ತಿ ವಾಪಸು ಬರುವುದಿಲ್ಲ.

ಹೀಗೆ ಪ್ರತಿ ತಿರಸ್ಕೃತ ಫೋಟೊಗೂ ಒಂದು ಕಾರಣದ ಟ್ಯಾಗ್ ಹಾಕಿ: ನಡುಕ, ಚಲನೆ, ಫೋಕಸ್, ಬೆಳಕು, ಹಿನ್ನೆಲೆ. ಯಾವುದು ಹೆಚ್ಚೋ ಮುಂದಿನ ಸಲ ಅದೊಂದರ ಮೇಲೇ ಗಮನ. ಹಿನ್ನೆಲೆಯೇ ಹೆಚ್ಚು ಬಂದರೆ ಸೆಟ್ಟಿಂಗ್ ಮುಟ್ಟಬೇಡಿ. ಕ್ಲಿಕ್ಕಿಸುವ ಮೊದಲು ನಾಲ್ಕೂ ಅಂಚಿನ ಮೇಲೆ ಕಣ್ಣಾಡಿಸಿ. ತಲೆಯ ಹಿಂದೆ ಕಂಬ ನಿಂತಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ದೂರದ ದಿಗಂತದ ಗೆರೆ ಕುತ್ತಿಗೆಯನ್ನು ಕತ್ತರಿಸುತ್ತಿದ್ದರೆ ಮೊಣಕಾಲೂರಿ ಕೂರಿ.