ವೇಬ್ರಿಡ್ಜ್ ಪ್ರೋಗ್ರಾಂ ಬಂದ್ ಮಾಡುವಾಗ ಕೈಕೊಡದಂತೆ ಮಾಡಿದ್ದು

ದಾವಣಗೆರೆಯಲ್ಲಿ ಮೆಕ್ಕೆಜೋಳದ ಸೀಸನ್ ಶುರುವಾದರೆ ಗೋದಾಮುಗಳ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು. ಅಂಥ ಒಂದು ಗೋದಾಮಿನ ವೇಬ್ರಿಡ್ಜ್‌ನಲ್ಲಿ ಓಡುವ ಪೈಥಾನ್ ಪ್ರೋಗ್ರಾಂ ನನ್ನ ಕೈಗೆ ಬಂತು. ತೂಕದ ಯಂತ್ರದ ತಂತಿ ಬಂದು ಸೇರುವ ಸೀರಿಯಲ್ ಪೋರ್ಟಿನಿಂದ ತೂಕ ಓದಬೇಕು, ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್‌ಗೆ ಬರೆಯಬೇಕು, ಚೀಟಿ ಪ್ರಿಂಟ್ ಮಾಡಬೇಕು, ಅಷ್ಟೇ. ದಿನವಿಡೀ ಚೆನ್ನಾಗೇ ಓಡುತ್ತಿತ್ತು. ತಕರಾರೆಲ್ಲಾ ಬಂದ್ ಮಾಡುವಾಗ. "ಸಾರ್, ಆಫ್ ಮಾಡೋವಾಗ ಏನೇನೋ ಇಂಗ್ಲಿಷ್ ಬರುತ್ತೆ, ಕೊನೇ ಗಾಡಿ ಲೆಕ್ಕಕ್ಕೇ ಸಿಗಲ್ಲ" ಅಂತ ಆಪರೇಟರ್ ಹುಡುಗ ಫೋನ್ ಮಾಡುತ್ತಿದ್ದ.

ಮೊದಲು ಬರೆದವರು ಬಾಕಿ ತೂಕ ಉಳಿಸುವುದು, ಲಾಗ್ ಫೈಲಿಗೆ ಒಂದು ಸಾಲು ಹಾಕುವುದು, ಪೋರ್ಟ್ ಮುಚ್ಚುವುದು ಎಲ್ಲವನ್ನೂ ಕ್ಲಾಸಿನ ಡೆಲ್ ಮೆಥಡ್‌ಗೆ (__del__, ಆಬ್ಜೆಕ್ಟ್ ಅಳಿಯುವಾಗ ಪೈಥಾನ್ ತಾನೇ ಕರೆಯುವ ಕೋಡ್) ತುಂಬಿಟ್ಟಿದ್ದರು. ಓದಲಿಕ್ಕೇನೋ ಚೆಂದ. ಆದರೆ ಇಂಟರ್‌ಪ್ರಿಟರ್, ಅಂದರೆ ಪ್ರೋಗ್ರಾಂ ಓಡಿಸುವ ಪೈಥಾನ್, ಮುಗಿಯುವಾಗ ಇನ್ನೂ ಉಳಿದಿರುವ ಆಬ್ಜೆಕ್ಟ್‌ಗಳ ಡೆಲ್ ಕರೆದೇ ಕರೆಯುತ್ತೇನೆ ಅಂತ ಪೈಥಾನ್ ಮಾತು ಕೊಟ್ಟಿಲ್ಲ. ಕರೆದರೂ, ಆ ಹೊತ್ತಿಗೆ ಮಾಡ್ಯೂಲ್‌ನ ಗ್ಲೋಬಲ್ ಹೆಸರುಗಳೆಲ್ಲ ನನ್ (None), ಅಂದರೆ ಖಾಲಿ, ಆಗಿರಬಹುದು, ಇಂಪೋರ್ಟ್ ನಡೆಯದೇ ಇರಬಹುದು. ಜಾತ್ರೆ ಮುಗಿದ ಮೇಲೆ ಪೆಂಡಾಲ್ ಬಿಚ್ಚುತ್ತಾರಲ್ಲ, ನೀವಿನ್ನೂ ಮೇಲೆ ಲೈಟ್ ಕಳಚುತ್ತಿರುವಾಗಲೇ ಕೆಳಗಿನವನು ಏಣಿ ಎತ್ತಿಕೊಂಡು ಹೋದ ಹಾಗೆ. ನಮಗೆ ಬರುತ್ತಿದ್ದದ್ದು 'ಓಪನ್' ಅನ್ನುವ ಹೆಸರೇ ಗೊತ್ತಿಲ್ಲ ಅನ್ನುವ ನೇಮ್‌ಎರರ್. ಓಪನ್ ಪೈಥಾನ್ ಜೊತೆಗೇ ಬರುವ ಬಿಲ್ಟ್‌ಇನ್ ಅಲ್ವಾ, ಅದೂ ಹೋಗಿರುತ್ತದೆ! ಇನ್ನೊಂದು, ಡೆಲ್ ಒಳಗೆ ಎದ್ದ ಎಕ್ಸೆಪ್ಶನ್ (ದೋಷ) ಹೊರಗೆ ಬರುವುದಿಲ್ಲ. ಸ್ಕ್ರೀನಿಗೆ ಒಂದಿಷ್ಟು ಸಾಲು ಉಗುಳಿ ಪೈಥಾನ್ ಸುಮ್ನೆ ಮುಂದೆ ಹೋಗುತ್ತದೆ, ಆ ಸಾಲಿನ ಕೆಳಗಿದ್ದ ಕೆಲಸ ಹಾಗೇ ಉಳಿಯುತ್ತದೆ. 2014ರ ಪೈಥಾನ್ 3.4ರಿಂದ, ಒಂದನ್ನೊಂದು ಹಿಡಿದುಕೊಂಡ ಆಬ್ಜೆಕ್ಟ್‌ಗಳ ವಿಷಯದಲ್ಲಿ ಡೆಲ್ ಸುಧಾರಿಸಿದೆ ನಿಜ, ಗ್ಯಾರಂಟಿ ಮಾತ್ರ ಈಗಲೂ ಇಲ್ಲ.

ಹಾಗಾಗಿ ಡೆಲ್ ಕಿತ್ತು ಹಾಕಿ ಕ್ಲೋಸ್ ಅಂತ ಬೇರೆ ಮೆಥಡ್ ಬರೆದೆ, ಎರಡು ಸಲ ಕರೆದರೂ ಏನೂ ಆಗದ ಹಾಗೆ. ಪ್ರೋಗ್ರಾಂ ಶುರುವಾಗುವ ಮೇನ್‌ನಲ್ಲಿ ಎಕ್ಸಿಟ್‌ಸ್ಟ್ಯಾಕ್ ಇಟ್ಟೆ, ಮುಚ್ಚಬೇಕಾದವನ್ನೆಲ್ಲ ಸೇರಿಸಿಟ್ಟರೆ ಕೊನೆಗೆ ತಾನೇ ಮುಚ್ಚುವ ಸಾಧನ. ಕೊನೆಗೆ ಸೇರಿದ್ದು ಮೊದಲು ಮುಚ್ಚುತ್ತದೆ, ಅದಕ್ಕೇ ಡೇಟಾಬೇಸ್, ಪೋರ್ಟ್, ತೂಕ ಓದುವ ಥ್ರೆಡ್ (ಪಕ್ಕದಲ್ಲೇ ಓಡುವ ಕೆಲಸ) ಈ ಸಾಲಿನಲ್ಲಿ ಸೇರಿಸಿದೆ. ಒಂದು ಎಚ್ಚರಿಕೆ: ಎಸ್‌ಕ್ಯೂಲೈಟ್ ಕನೆಕ್ಷನ್ನನ್ನು ನೇರವಾಗಿ ವಿತ್ (ಕೆಲಸ ಮುಗಿದೊಡನೆ ಕ್ಲೀನಪ್ ಮಾಡಿಸುವ ಪೈಥಾನ್ ಪದ) ಜೊತೆ ಬಳಸಿದರೆ ಕಮಿಟ್ (ಬರೆದದ್ದು ಗಟ್ಟಿಯಾಗುವುದು) ಅಥವಾ ರೋಲ್‌ಬ್ಯಾಕ್ (ಬರೆದದ್ದು ರದ್ದಾಗುವುದು) ಆಗುತ್ತದೆಯೇ ಹೊರತು ಕನೆಕ್ಷನ್ ಮುಚ್ಚುವುದಿಲ್ಲ. ಅದನ್ನು ಪೈಥಾನ್‌ನ ಕ್ಲೋಸಿಂಗ್ ಒಳಗೆ ಸುತ್ತಬೇಕು, ಆಗ ಮುಚ್ಚುತ್ತದೆ.

ಜಾಸ್ತಿ ತಲೆ ತಿಂದದ್ದು ಥ್ರೆಡ್. ಡೀಮನ್ ಮಾಡಿದರೆ, ಅಂದರೆ ಅದಕ್ಕೆ ಕಾಯಬೇಡ ಅಂದರೆ, ಪ್ರೋಗ್ರಾಂ ಮುಗಿಯುವಾಗ ಅದು ಅರ್ಧದಲ್ಲೇ ಸಾಯುತ್ತದೆ. ಡೀಮನ್ ಅಲ್ಲದ ಥ್ರೆಡ್‌ಗೆ 'ನಿಲ್ಲು' ಅಂತ ಹೇಳುವ ಕೆಲಸವನ್ನು ಎಟ್‌ಎಕ್ಸಿಟ್‌ನಲ್ಲಿ (ಮುಗಿಯುವಾಗ ಕರೆ ಅಂತ ಹೇಳಿಡುವ ಜಾಗ) ಇಟ್ಟರೋ, ಪ್ರೋಗ್ರಾಂ ಮುಗಿಯುವುದೇ ಇಲ್ಲ. ಯಾಕೆಂದರೆ ಪೈಥಾನ್ ಮೊದಲು ಅಂಥ ಥ್ರೆಡ್‌ಗಳೆಲ್ಲ ಮುಗಿಯಲಿ ಅಂತ ಕಾಯುತ್ತದೆ, ಎಟ್‌ಎಕ್ಸಿಟ್ ಕರೆಯುವುದು ಆಮೇಲೆ. ಪೈಥಾನ್ ಥ್ರೆಡ್‌ಗೆ ಕಾಯುತ್ತೆ, ಥ್ರೆಡ್ 'ನಿಲ್ಲು' ಅನ್ನುವುದಕ್ಕೆ ಕಾಯುತ್ತೆ. ನಾನು ಎಕ್ಸಿಟ್‌ಸ್ಟ್ಯಾಕ್‌ನಲ್ಲೇ ಇವೆಂಟ್ ಸೆಟ್ ಮಾಡಿ ('ನಿಲ್ಲು' ಅನ್ನುವ ಸೂಚನೆ) ಜಾಯಿನ್ ಮಾಡಿದೆ (ಥ್ರೆಡ್ ಮುಗಿಯುವವರೆಗೆ ಕಾಯುವುದು). ಪೋರ್ಟ್ ಓದುವುದಕ್ಕೆ ಒಂದು ಸೆಕೆಂಡಿನ ಟೈಮ್‌ಔಟ್ ಕೊಟ್ಟೆ, ಇಲ್ಲದಿದ್ದರೆ ಗಾಡಿ ಬರುವವರೆಗೂ ಅದು ಅಲ್ಲೇ ಕೂತಿರುತ್ತದೆ.

ಇಷ್ಟಾದರೂ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ನಿಲ್ಲಿಸಿದಾಗ ಕ್ಲೀನಪ್ ಆಗಲಿಲ್ಲ. ಅದು ಕಳಿಸುವುದು ಸಿಗ್‌ಟರ್ಮ್, 'ಮುಗಿಸು' ಅನ್ನುವ ಸಿಗ್ನಲ್. ಪೈಥಾನ್‌ನಲ್ಲಿ ಅದಕ್ಕೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಇಲ್ಲದಿದ್ದರೆ ವಿತ್ ಇಲ್ಲ, ಎಟ್‌ಎಕ್ಸಿಟ್ ಇಲ್ಲ, ಅಲ್ಲೇ ಕಥೆ ಮುಗೀತು. ಹ್ಯಾಂಡ್ಲರ್‌ನಲ್ಲಿ ಸಿಸ್.ಎಕ್ಸಿಟ್ ಕರೆದರೆ ಸಾಕು, ವಿತ್‌ಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಸಾಮಾನ್ಯವಾಗಿ 90 ಸೆಕೆಂಡ್ ಸಮಯ ಸಿಗುತ್ತದೆ, ಆಮೇಲೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್, ಅದನ್ನು ಯಾರೂ ಹಿಡಿಯಲಾರರು.

ಯಾರಾದರೂ ವಿತ್ ಮರೆತರೆ ಇರಲಿ ಅಂತ ಆಬ್ಜೆಕ್ಟ್ ಹೋದಾಗ ಕ್ಲೀನಪ್ ಮಾಡುವ ವೀಕ್‌ರೆಫ್‌ನ ಫೈನಲೈಸ್ ಕೂಡ ಹಾಕಿದ್ದೇನೆ. ಮಾಡ್ಯೂಲ್‌ಗಳು ಕಳಚುವ ಮೊದಲೇ ಅದು ಓಡುತ್ತದೆ. ಅದಕ್ಕೆ ಸೆಲ್ಫ್‌ನ, ಅಂದರೆ ಆ ಆಬ್ಜೆಕ್ಟಿನದೇ, ಮೆಥಡ್ ಮಾತ್ರ ಕೊಡಬೇಡಿ. ಕೊಟ್ಟರೆ ಆಬ್ಜೆಕ್ಟನ್ನು ಅದೇ ಹಿಡಿದುಕೊಂಡು ಕೂರುತ್ತದೆ. ಪೋರ್ಟನ್ನಷ್ಟೇ ಕೊಡಿ.

ಕರೆಂಟ್ ಹೋದರೆ? ಯುಪಿಎಸ್ ಬ್ಯಾಟರಿ ಕೈಕೊಟ್ಟರೆ ಇದ್ಯಾವುದೂ ಓಡಲ್ಲ. ಅದಕ್ಕೇ ತೂಕ ಗಟ್ಟಿಯಾದ ತಕ್ಷಣ ಕಮಿಟ್, ಆಮೇಲೇ ಚೀಟಿ. ಕಮಿಟ್ ಆಗದೇ ಉಳಿದದ್ದನ್ನು ಎಸ್‌ಕ್ಯೂಲೈಟ್ ಮುಂದಿನ ಸಲ ತೆರೆದಾಗ ತಾನೇ ಹಿಂದೆ ತಳ್ಳುತ್ತದೆ. ಟೆಸ್ಟ್‌ಗೆ ಲಾರಿ ಬೇಕಿಲ್ಲ. ಸುಳ್ಳು ತೂಕ ಕಳಿಸುವ ಸಣ್ಣ ಸ್ಕ್ರಿಪ್ಟ್ ಓಡಿಸಿ, ಮಧ್ಯದಲ್ಲಿ ಒಮ್ಮೆ ಸಿಗ್‌ಟರ್ಮ್, ಒಮ್ಮೆ ಸಿಗ್‌ಕಿಲ್ ಕೊಟ್ಟು, ಬಂದ ಚೀಟಿಗೂ ಟೇಬಲ್ಲಿನ ಸಾಲಿಗೂ ತಾಳೆ ನೋಡುತ್ತೇನೆ.