ಕಲಂಚೋ ಮುಂದಿನ ವರ್ಷವೂ ಹೂ ಬಿಡಬೇಕೇ? ಕತ್ತಲೆ ಕೊಡಿ

ಡಿಸೆಂಬರ್ ಬಂತೆಂದರೆ ಮುಂಬಯಿಯ ನರ್ಸರಿಗಳ ಮುಂದೆ ಕೆಂಪು, ಹಳದಿ, ಗುಲಾಬಿ ಹೂಗಳ ಪುಟ್ಟ ಕುಂಡಗಳು ಸಾಲಾಗಿ ಕೂರುತ್ತವೆ. ದಪ್ಪ ಎಲೆ, ಮೇಲೆ ಗೊಂಚಲು ಗೊಂಚಲು ಹೂ. ಅದೇ ಕಲಂಚೋ. ತಂದಿಟ್ಟ ಮೇಲೆ ಒಂದೆರಡು ತಿಂಗಳು ಹೂ ನಿಲ್ಲುತ್ತದೆ. ಆಮೇಲೆ ಹೆಚ್ಚಿನ ಮನೆಗಳಲ್ಲಿ ಎರಡರಲ್ಲೊಂದು ಕಥೆ. ಒಂದೋ ಜುಲೈ ಮಳೆಗೆ ಗಿಡ ಕೊಳೆಯುತ್ತದೆ. ಇಲ್ಲವೇ ಮಳೆಗಾಲ ದಾಟಿ ಎಲೆಯೇನೋ ಸೊಂಪಾಗಿ ಬರುತ್ತದೆ, ಮೊಗ್ಗು ಮಾತ್ರ ಕಾಣುವುದಿಲ್ಲ. ಮೊದಲನೆಯದಕ್ಕೆ ಕಾರಣ ನೀರು. ಎರಡನೆಯದಕ್ಕೆ ಹೆಚ್ಚಾಗಿ ಟ್ಯೂಬ್‌ಲೈಟ್.

ಇದು ಮಡಗಾಸ್ಕರ್ ಮೂಲದ ಗಿಡ. 1930ರ ದಶಕದಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ರಾಬರ್ಟ್ ಬ್ಲಾಸ್‌ಫೆಲ್ಡ್ ಇದನ್ನು ಮಾರುಕಟ್ಟೆಗೆ ತಂದರು. ಊರಿನ ಹಿತ್ತಲಲ್ಲಿ ಕಾಡುಬಸಳೆ ನೋಡಿದವರಿಗೆ ಇದರ ಎಲೆ ಪರಿಚಿತ ಅನ್ನಿಸಬಹುದು. ನಮ್ಮ ಮರಾಠಿ ನೆರೆಯವರು ಪಾನಫುಟಿ ಅನ್ನುವ ಗಿಡ ಅದು. ಎರಡೂ ಒಂದೇ ಕುಲದವು. ಹಾಗಂತ ಊರಿಂದ ಬಂದ ಅಜ್ಜಿ ಮೂತ್ರಕಲ್ಲಿಗೆ ಒಳ್ಳೆಯದೆಂದು, ಕಾಡುಬಸಳೆಯೇ ಅಂದುಕೊಂಡು ಕಲಂಚೋ ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಈ ಕುಲದ ಗಿಡಗಳಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ ಇರುತ್ತದೆ. ಮನೆಯಲ್ಲಿ ಬೆಕ್ಕು ಅಥವಾ ನಾಯಿ ಇದ್ದರೆ ಕುಂಡ ಅವುಗಳ ಬಾಯಿಗೆ ಸಿಗದಷ್ಟು ಎತ್ತರದಲ್ಲಿರಲಿ.

ತಂದ ಮೇಲೆ ಮೊದಲ ಕೆಲಸ

ಆರಿಸುವಾಗ ಪೂರ್ತಿ ಅರಳಿದ ಗಿಡಕ್ಕಿಂತ ಅರ್ಧ ಮೊಗ್ಗಿರುವುದನ್ನು ತೆಗೆದುಕೊಳ್ಳಿ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅಲ್ಲೇ ಬಿಟ್ಟುಬಿಡಿ, ಅದು ಹಿಟ್ಟು ತಿಗಣೆ. ಉಡುಗೊರೆಯಾಗಿ ಬಂದ ಗಿಡವಾದರೆ ಸುತ್ತಿದ ಬಣ್ಣದ ಕಾಗದ ಕೂಡಲೇ ಬಿಚ್ಚಿ. ಅದರೊಳಗೆ ನೀರು ನಿಂತು ಬೇರು ಕೊಳೆಯುತ್ತದೆ.

ಹೂವಿರುವಾಗ ಕುಂಡ ಬದಲಿಸಬೇಡಿ. ಹೂ ಒಣಗಿದ ಮೇಲೆ ಹೂದಂಟನ್ನು ಕೆಳಗಿನ ಎರಡು ಎಲೆ ಸಮೇತ ಕತ್ತರಿಸಿ, ಆಗ ಮಣ್ಣು ಬದಲಿಸಿ. ನರ್ಸರಿ ಕುಂಡದಲ್ಲಿ ಹೆಚ್ಚಾಗಿ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ನಡುವೆ ಬೇರಿನ ಸುತ್ತ ಒದ್ದೆ ಉಂಡೆ ಹಾಗೇ ಉಳಿಯುತ್ತದೆ. ಅದನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಉದುರುವಷ್ಟು ಉದುರಿಸಿ.

ಹೊಸ ಮಣ್ಣಿಗೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಕಾಳು), ಅರ್ಧ ಪಾಲು ಎರೆಗೊಬ್ಬರ ಸಾಕು. ಮರಳಿನ ವಿಷಯದಲ್ಲಿ ಒಂದು ಮಾತು. ಸಮುದ್ರ ಹತ್ತಿರ ಇದೆಯೆಂದು ಜುಹೂವಿನಿಂದ ಚೀಲ ತುಂಬಿ ತರಬೇಡಿ, ಉಪ್ಪಿಗೆ ಗಿಡ ಸುಟ್ಟುಹೋಗುತ್ತದೆ. ಕಟ್ಟಡ ಕಟ್ಟುವಲ್ಲಿ ಸಿಗುವ ಕ್ರಶ್ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಜರಡಿ ಹಿಡಿದು ನುಣ್ಣನೆಯ ಪುಡಿ ಎಸೆದು, ಮೇಲೆ ಉಳಿಯುವ ಕಾಳು ಮಾತ್ರ ಬಳಸಿ. ಅದೂ ಸಿಗದಿದ್ದರೆ ಇಟ್ಟಿಗೆ ಕುಟ್ಟಿ, ಬಟಾಣಿ ಗಾತ್ರದ ಚೂರು ಹಾಕಿ. ಕುಂಡ ಮಣ್ಣಿನದೇ ಇರಲಿ, ನಾಲ್ಕೈದು ಇಂಚಿನದು, ತಳದಲ್ಲಿ ತೂತು ಇರಬೇಕು. ಧಾರಾವಿಯ ಕುಂಭಾರವಾಡಾ ಕಡೆ ಹೋದರೆ ಬೇಕಾದ ಗಾತ್ರ ಸಿಗುತ್ತದೆ. ಹೊಳೆಯುವ ಪಿಂಗಾಣಿ ಕುಂಡ ನೋಡಲು ಚಂದ, ಆದರೆ ಮುಂಬಯಿಯ ತೇವದ ಗಾಳಿಗೆ ಅದು ಒಣಗುವುದೇ ಇಲ್ಲ.

ನೀರು ಎಷ್ಟು?

ವಾರಕ್ಕೆ ಎರಡು ಸಲ, ಮೂರು ಸಲ ಎಂಬ ಲೆಕ್ಕ ಈ ಊರಲ್ಲಿ ನಡೆಯುವುದಿಲ್ಲ. ಮೇ ತಿಂಗಳಿಗೂ ಆಗಸ್ಟ್‌ಗೂ ಹೋಲಿಕೆ ಎಲ್ಲಿ? ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ಮಾತ್ರ ತಳದಿಂದ ನೀರು ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಡೆಂಗಿ ಸೊಳ್ಳೆಗೂ ಆ ತಟ್ಟೆಯೇ ಸಾಕು. ಗ್ರಿಲ್‌ನಲ್ಲಿಟ್ಟು ನೀರು ಹಾಕಿದರೆ ಕೆಳಗಿನ ಮನೆಯವರ ಬಟ್ಟೆಗೆ ಕೆಂಪು ನೀರು, ಮೇಲಿಂದ ಸೊಸೈಟಿಯ ನೋಟಿಸ್. ಕುಂಡ ಬಚ್ಚಲಿಗೆ ಒಯ್ದು ನೀರು ಹಾಕುವುದೇ ವಾಸಿ.

ಎಲೆ ಮುಟ್ಟಿದರೆ ಗಿಡದ ಸ್ಥಿತಿ ತಿಳಿಯುತ್ತದೆ. ಎಲೆ ತೆಳುವಾಗಿ, ಸ್ವಲ್ಪ ಸುಕ್ಕಾಗಿ ಬಾಗಿದರೆ ಬಾಯಾರಿಕೆ. ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಪಾರದರ್ಶಕವಾಗಿ, ಒತ್ತಿದರೆ ಪಿಚಕ್ಕೆಂದರೆ ನೀರು ಜಾಸ್ತಿಯಾಗಿದೆ. ಆಗ ಕಾಂಡದ ಬುಡ ನೋಡಿ. ಕಪ್ಪಾಗಿ ಮೆತ್ತಗಾಗಿದ್ದರೆ ಆ ಗಿಡದ ಬೇರು ಉಳಿಯುವುದಿಲ್ಲ. ಹೊಸದಾಗಿ ನೆಡಲು ಮೇಲಿನ ಗಟ್ಟಿ ಕೊಂಬೆ ಕತ್ತರಿಸಿ, ನೆಡುವ ರೀತಿ ಕೊನೆಯಲ್ಲಿದೆ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೂ ಮೇಲೆ ಕತ್ತರಿಸಿ, ಪೂರ್ತಿ ಹಸಿರು ಕಾಣುವ ತನಕ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಕಿಟಕಿಯ ಒಳಗಿರಲಿ. ಬೆಳಕು ಬೀಳಬೇಕು, ಎರಚಲು ಬೀಳಬಾರದು. ಗೊಬ್ಬರ ಪೂರ್ತಿ ನಿಲ್ಲಿಸಿ. ಉಳಿದ ತಿಂಗಳುಗಳಲ್ಲಿ ಲೀಟರ್ ನೀರಿಗೆ 1 ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವುದು) ಕರಗಿಸಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ಕತ್ತಲೆಯ ಪಾಠ

ಈಗ ಮುಖ್ಯ ವಿಷಯ. ಕಲಂಚೋ ಹೂ ಬಿಡುವುದು ರಾತ್ರಿಯ ಉದ್ದ ನೋಡಿ. ಸುಮಾರು 14 ಗಂಟೆ ಎಡೆಬಿಡದ ಕತ್ತಲೆ, ಆರು ವಾರ ಸಿಕ್ಕರೆ ಮೊಗ್ಗು ಖಂಡಿತ. ಬೆಳೆಗಾರರು ಬೇಕಾದ ತಿಂಗಳಿಗೆ ಹೂ ತರಿಸುವುದೂ ಹೀಗೆಯೇ, ಗಿಡಗಳ ಮೇಲೆ ಕಪ್ಪು ಬಟ್ಟೆ ಎಳೆದು. ಡಿಸೆಂಬರ್‌ನಲ್ಲಿ ಮುಂಬಯಿಯ ರಾತ್ರಿ ಸುಮಾರು 13 ಗಂಟೆ. ಹಳ್ಳಿಯಲ್ಲಾದರೆ ಅಷ್ಟರಲ್ಲೇ ಹೂ ಬಂದೀತು. ಇಲ್ಲಿ ರಾತ್ರಿ ಎಲ್ಲಿದೆ? ಬೀದಿದೀಪ, ಸೊಸೈಟಿ ಗೇಟಿನ ಎಲ್‌ಇಡಿ, ನಮ್ಮದೇ ಹಾಲ್‌ನ ಟಿವಿ. ನಡುರಾತ್ರಿ ಸುಮ್ನೆ ಕೆಲವು ನಿಮಿಷ ಬೆಳಕು ಬಿದ್ದರೂ ಗಿಡದ ಲೆಕ್ಕ ತಪ್ಪುತ್ತದೆ.

ಹಾಗಾಗಿ ದೀಪಾವಳಿ ಮುಗಿದ ಮೇಲೆ ಶುರು ಮಾಡಿ. ಅದಕ್ಕೂ ಮೊದಲು ಬೇಡ. ಒಂದು, ಅಕ್ಟೋಬರ್ ಸೆಕೆಗೆ ಮೊಗ್ಗು ತಡವಾಗುತ್ತದೆ. ಇನ್ನೊಂದು, ಕಿಟಕಿಯಲ್ಲಿ ರಾತ್ರಿಯಿಡೀ ಆಕಾಶ ಕಂದೀಲು ಉರಿಯುತ್ತಿರುತ್ತದೆ, ಅಲ್ವಾ? ಕಂದೀಲು ಇಳಿಸಿದ ದಿನದಿಂದ ಸಂಜೆ 6ಕ್ಕೆ ಗಿಡದ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. ಆನ್‌ಲೈನ್ ಸಾಮಾನು ಬಂದ ಪೆಟ್ಟಿಗೆ ಆಗುತ್ತದೆ, ಸಂದುಗಳಿಗೆ ಕಂದು ಟೇಪ್ ಹಚ್ಚಿ. ಪೆಟ್ಟಿಗೆ ಮುಚ್ಚಿರುವಾಗ ಅದಕ್ಕೆ ಬಿಸಿಲು ಹೊಡೆಯಬಾರದು. ಹಗಲಿಗೆ ಮಾತ್ರ ಗಿಡಕ್ಕೆ ಮೂರು ನಾಲ್ಕು ಗಂಟೆ ಎಳೆಬಿಸಿಲು ಬೇಕೇ ಬೇಕು. ಬರೀ ಕತ್ತಲೆಯಿಂದ ಹೂ ಬರುವುದಿಲ್ಲ. ಸಂಜೆ 6ಕ್ಕೆ ಲೋಕಲ್‌ನಲ್ಲಿ ನೇತಾಡುತ್ತಿರುವವರು ಮನೆಯಲ್ಲಿರುವವರಿಗೆ ಈ ಕೆಲಸ ಒಪ್ಪಿಸಬೇಕು. ಯಾರೂ ಇಲ್ಲದಿದ್ದರೆ ಸಂಜೆಯ ನಂತರ ಯಾರೂ ದೀಪ ಹಾಕದ ಕೋಣೆ ಹುಡುಕಿ.

ಆರು ವಾರ ಕಳೆಯುವಷ್ಟರಲ್ಲಿ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಹಸಿರು ಮೊಗ್ಗುಗಳು ಕಾಣುತ್ತವೆ. ಕಂಡ ಮೇಲೆ ಪೆಟ್ಟಿಗೆ ಬೇಡ. ಅರಳಲು ಇನ್ನೂ ಕೆಲವು ವಾರ ಬೇಕು, ಜನವರಿ ಕೊನೆ ಇಲ್ಲವೇ ಫೆಬ್ರುವರಿ.

ಹಿಟ್ಟು ತಿಗಣೆ ಬಂದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಜಾಸ್ತಿಯಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಗಿಡ ಮಳೆಗಾಲಕ್ಕೆ ಹೋಗುತ್ತವೆ. ಹಾಗಾಗಿ ಏಪ್ರಿಲ್‌ನಲ್ಲೇ ಮೂರು ನಾಲ್ಕು ಇಂಚಿನ ಎರಡು ತುಂಡು ಕತ್ತರಿಸಿಡಿ. ಕೆಳಗಿನ ಎಲೆ ತೆಗೆದು ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಲು ಬಿಡಿ, ಆಮೇಲೆ ಮರಳು ಜಾಸ್ತಿ ಇರುವ ಮಣ್ಣಲ್ಲಿ ನೆಡಿ. ನೀರು ಬರೀ ತೇವಕ್ಕಷ್ಟೇ. ಮೂರ್ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಗಿಡ ಬಿಗಿಯಾಗಿ ನಿಂತರೆ ಕುಂಡಕ್ಕೆ ಬದಲಿಸಿ, ಒಂದನ್ನು ಪಕ್ಕದ ಮನೆಯವರಿಗೆ ಕೊಡಿ. ನಿಮ್ಮದು ಸತ್ತರೆ ಅಲ್ಲಿಂದ ಒಂದು ತುಂಡು ಕೇಳಬಹುದು.